ಭಾನುವಾರದ ವಾಲಿಬಾಲ್ ಆಟದ ಕುರಿತು ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಕಳೆದ ಭಾನುವಾರ ಅಜ್ಜರಕಾಡು ಮೈದಾನದಲ್ಲಿ, 2.43 ಮೀಟರ್ ಎತ್ತರದ ನೆಟ್‌ನ ಮೇಲಿಂದ ಚೆಂಡು ಹೊಡೆಯಲು ಎಂದಿನ ಹುರುಪಿನಲ್ಲೇ ಹಾರಿದ ನನ್ನ ಕೈ ನೆಟ್‌ನ ಪಟ್ಟಿಗೆ ತಗಲಿ, ಇಳಿಯುವಾಗ ಬಲ ಮೊಣಕಾಲು ‘ಕಟಕ್’ ಎಂದದ್ದನ್ನು ತಾವೆಲ್ಲ ನೋಡಿದ್ದೀರಿ. ಅಂದು ನಕ್ಕೆವು, ಮರುದಿನ ಬೆಳಿಗ್ಗೆ ಮನೆಯ ಮೂರು ಮೆಟ್ಟಿಲುಗಳನ್ನು ನಾನು ಗೋಡೆ ಹಿಡಿದು ಇಳಿಯಬೇಕಾಯಿತು.

ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ, ಅದರಲ್ಲೂ ಥಟ್ಟನೆ ಹಾರಲು ಬಲ ಕೊಡುವ ಎಳೆಗಳೇ ಹೆಚ್ಚು ಸೊರಗುತ್ತವೆ. 220ರಿಂದ ವಯಸ್ಸನ್ನು ಕಳೆಯುವ ಸ್ಥೂಲ ಲೆಕ್ಕದಂತೆ, 25ರಲ್ಲಿ ನಿಮಿಷಕ್ಕೆ 195 ಇದ್ದ ಹೃದಯದ ಗರಿಷ್ಠ ಬಡಿತ 54ರ ನನಗೀಗ 166. ಮನಸ್ಸಿಗೆ ಮಾತ್ರ ಈ ಲೆಕ್ಕ ಇನ್ನೂ ತಲುಪಿಲ್ಲ.

ಆದ್ದರಿಂದ ಬರುವ ವಾರದಿಂದ ಎಲ್ಲರೂ ಹದಿನೈದು ನಿಮಿಷ ಮೊದಲೇ ಬಂದು, ನಡೆದು, ಮೈ ಸಡಿಲಿಸಿಕೊಂಡ ಬಳಿಕವೇ ಆಟಕ್ಕಿಳಿಯಬೇಕೆಂದು ಕೋರುತ್ತೇನೆ. ಸೆಕೆ ಜೋರಾಗಿದೆ, ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ನೀರಿನ ಬಾಟಲಿ ತನ್ನಿ. ಎದೆ ಹಿಡಿದಂತಾದರೆ, ಸೆಟ್ ಮುಗಿಯಲೆಂದು ಕಾಯದೆ ತಕ್ಷಣ ಹೇಳಿಬಿಡಿ.

ಮುಂದಿನ ಎರಡು ಭಾನುವಾರ ನಾನು ಸ್ಕೋರ್ ಬರೆಯುತ್ತೇನೆ.