ಕಣಿ ಬಿಡಿಸಿದ ಅಣ್ಣನಿಗೆ

ಓಣಂನ ಮುನ್ನಾದಿನವಾದ ಉತ್ರಾಡದ ಸಂಜೆ ಮಾರಾಟದ ಕೊನೆಯ ಬುಟ್ಟಿ ಚೆಂಡು ಹೂವೂ ಹೋಯಿತು. ಹಬ್ಬ ಶುರುವಾಗುವ ಅತ್ತಂ ದಿನದಿಂದ ಇಲ್ಲಿಯವರೆಗೆ ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಜೋಡಿಜೋಡಿಯಾಗಿ ಬಂದು, ಹೂವಿನ ಸಾಲುಗಳ ನಡುವೆ ನಡೆದು, ಒಂದೇ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ತಿಂದು ಹೋದ ಎಲ್ಲರಿಗೂ ನಮ್ಮ ಕೂಟದ ನಮಸ್ಕಾರ. ಜುಲೈ ಮಳೆಗೆ ಒಂದು ರಾತ್ರಿ ನಮ್ಮ ಹೂವಿನ ತೋಟಕ್ಕೆ ನೀರು ನುಗ್ಗಿದ್ದು ನಿಮಗೆ ಗೊತ್ತೇ ಇದೆ. ಆ ರಾತ್ರಿ ಜೊತೆಗೆ ಯಾರು ನಿಂತರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಪಕ್ಕದ ಅಡಿಕೆ ತೋಟದ ಅಣ್ಣ. ಹೆಸರು ಹಾಕಬೇಡಿ ಎಂದಿದ್ದಾರೆ. ರಾತ್ರಿ ಹನ್ನೊಂದಕ್ಕೆ ತಲೆಗೆ ಟಾರ್ಚು ಕಟ್ಟಿ, ಹಾರೆ ಹಿಡಿದು ಬಂದವರು ಬೆಳಕು ಹರಿಯುವವರೆಗೆ ಕದಲಲಿಲ್ಲ. 30 ಸೆಂಟಿಮೀಟರ್ ಎತ್ತರದ ಏರುಮಡಿಗಳ ತಲೆಯವರೆಗೂ ನೀರು ಬಂದಿತ್ತು. ಎಲ್ಲರೂ ಬಕೆಟ್ಟಿನಲ್ಲಿ ಎತ್ತಿ ಚೆಲ್ಲುತ್ತಿದ್ದರು. "ಗುಡ್ಡದ ನೀರು ನಿಲ್ಲಿಸದೆ ಎಷ್ಟು ಎತ್ತಿದರೇನು?" ಎಂದು ಅಣ್ಣ ಮಡಿಗಳತ್ತ ನೋಡದೆ ಮೇಲಕ್ಕೆ ಹೋದರು. ಗುಡ್ಡದ ಬುಡದಲ್ಲಿ ಒಂದು ಮೊಳ ಆಳಕ್ಕೆ, ತುಸು ಓರೆಯಾಗಿ ಕಣಿ (ನೀರು ಹರಿಯುವ ಸಣ್ಣ ಕಾಲುವೆ) ಕಡಿದು ಆ ನೀರನ್ನು ತೋಡಿಗೆ (ಹಳ್ಳಕ್ಕೆ) ತಿರುಗಿಸಿದರು. ಆಮೇಲೆ ಕೆಳಗಿನ ಹುಣಿ (ಮಣ್ಣಿನ ಬದು) ಒಡೆದರು. ಮಡಿಗಳ ನಡುವಿನ ಕಣಿಗಳ ಹೂಳು ತೆಗೆದದ್ದು ಕೊನೆಗೆ, ಅದೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಬಿಡಿಸಿದ್ದರೆ ನೀರು ಒಮ್ಮೆಲೇ ನುಗ್ಗಿ ಮಡಿಗಳನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು.

ಗಿಡಗಳೆಲ್ಲ ಮಲಗಿದ್ದವು. ಮುಗಿಯಿತು ಎಂದೇ ಎಲ್ಲರೂ ತಿಳಿದದ್ದು. ಯಾರಿಗೂ ಮಾತು ಹೊರಡಲಿಲ್ಲ. ಒಬ್ಬರು ಅಳುತ್ತ ಕೆಸರಿನಲ್ಲೇ ಕೂತುಬಿಟ್ಟರು. ಅಣ್ಣ ಒಂದು ಗಿಡ ಕಿತ್ತು, ಕಣಿಯ ನೀರಿನಲ್ಲಿ ಬೇರು ತೊಳೆದು, ಟಾರ್ಚಿನ ಬೆಳಕಿಗೆ ಹಿಡಿದರು. ಬೆರಳಿನಲ್ಲಿ ಎಳೆದರೂ ಬೇರಿನ ಸಿಪ್ಪೆ ಸುಲಿದು ಬರಲಿಲ್ಲ. "ಬೆಳ್ಳಗಿದೆ. ನೀರು ಇಳಿದರೆ ಬದುಕುತ್ತದೆ," ಎಂದರು.

ಬದುಕಿತು. ಆದರೆ ಸುಮ್ಮನೆ ಅಲ್ಲ. ಎರಡು ದಿನ ಯಾರನ್ನೂ ಮಡಿ ಹತ್ತಲು ಬಿಡಲಿಲ್ಲ ಅವರು. ಒದ್ದೆ ಮಣ್ಣು ತುಳಿದರೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಮೂರನೆಯ ದಿನ ಹೊರಗೆ ಕಾಣುತ್ತಿದ್ದ ಬೇರಿಗೆ ಮಣ್ಣು ಏರಿಸಿ, ಅಡಿಕೆ ಮರದ ಸಲಾಕೆ ನೆಟ್ಟು, ಬಾಳೆ ನಾರನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿಸಿದರು. ವಾಲಿದ ಗಿಡವನ್ನು ಒಂದೇ ಸಲಕ್ಕೆ ನೆಟ್ಟಗೆ ಎಳೆದರೆ ಉಳಿದ ಬೇರೂ ಹರಿಯುತ್ತದೆ. ಬಾಡಿದವನ್ನು ಬೇರುಸಹಿತ ಕಿತ್ತು ಸುಟ್ಟೆವು, ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಉಳಿದವುಗಳ ಬುಡಕ್ಕೆ ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ (ಕೊಳೆ ರೋಗ ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಪುಡಿ) ಕಲಸಿ ಸಂಜೆ ಹೊತ್ತು ಹೊಯ್ದದ್ದು. ಬೇಗ ಚಿಗುರಲೆಂದು ಯೂರಿಯಾ ಹಾಕಹೊರಟವರ ಕೈ ಹಿಡಿದದ್ದೂ ಅವರೇ. ಆಗ ಬರುವ ಎಳೆ ಚಿಗುರೇ ಮಳೆಗೆ ಎಲ್ಲಕ್ಕಿಂತ ಮುಂಚೆ ಕೊಳೆಯುತ್ತದೆ. ಆ ತಪ್ಪು ಮಾಡಿದ್ದರೆ ಓಣಂಗೆ ಹೂವೇ ಇರುತ್ತಿರಲಿಲ್ಲ.

ಸಸಿ ಕೊಟ್ಟವರು, ಕೃಷಿಭವನದವರು, ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲದ ದಾರಿಗೆ ಕಾಲು ಜಾರದಂತೆ ಅಡಿಕೆ ಸಿಪ್ಪೆ ಹಾಸಿದ ಮಕ್ಕಳು, ಗಾಡಿ ನಿಲ್ಲಿಸಲು ಅಂಗಳ ಬಿಟ್ಟ ಮನೆಯವರು, ನಿಮಗೆಲ್ಲ ನಾವು ಋಣಿಗಳು.

ಗಡ್‌ಬಡ್ ಮಾಡಿದ ಅಕ್ಕನಿಗೆ ಬೇರೆಯಾಗಿಯೇ ಹೇಳಬೇಕು. ಗ್ಲಾಸನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು, ಹಣ್ಣಿನ ರಸ ಬಸಿದು, ಬಾಳೆಹಣ್ಣು ಕಪ್ಪಾಗದಂತೆ ಬಡಿಸುವ ಹೊತ್ತಿಗೇ ಹೆಚ್ಚಿ, ತಳಕ್ಕೆ ಜೆಲ್ಲಿ, ಮೇಲೆ ಹಣ್ಣು, ಆಮೇಲೆ ಮೂರು ಬಗೆಯ ಐಸ್‌ಕ್ರೀಂ, ನಡುನಡುವೆ ಗೋಡಂಬಿ. ರಸ ಬಸಿಯದಿದ್ದರೆ ಐಸ್‌ಕ್ರೀಂ ಬೇಗ ಕರಗಿ ಎಲ್ಲ ಒಂದೇ ಬಣ್ಣವಾಗುತ್ತದೆ. ಒಬ್ಬ ಅಜ್ಜ ಮೇಲಿನ ಚೆರ್ರಿಯನ್ನು ಚಮಚದ ತುದಿಯಲ್ಲಿ ಮೆಲ್ಲಗೆ ಅಜ್ಜಿಯ ಬದಿಗೆ ತಳ್ಳಿದರು. ಅಜ್ಜಿ ಅದನ್ನು ತಿನ್ನದೆ ಗ್ಲಾಸು ಖಾಲಿಯಾಗುವವರೆಗೆ ಅಂಚಿನಲ್ಲೇ ಇಟ್ಟುಕೊಂಡಿದ್ದರು.

ಅಣ್ಣಾ, ಅಷ್ಟೂ ದಿನ ನೀವು ಗೇಟಿನ ಹತ್ತಿರ ಗಾಡಿಗಳಿಗೆ ದಾರಿ ತೋರಿಸುತ್ತಲೇ ಇದ್ದಿರಿ. ಹೂವಿನ ನಡುವೆ ನಿಮ್ಮನ್ನು ಯಾರೂ ಕಂಡಿಲ್ಲ. ತೋಡಿನ ಬದಿಯ ಕೊನೆಯ ಸಾಲನ್ನು ಕೊಯ್ಯದೆ ಬಿಟ್ಟಿದ್ದೇವೆ. ನಾಳೆ ನಾಲ್ಕು ಗಂಟೆಗೆ ಅತ್ತಿಗೆಯನ್ನು ಕರೆದುಕೊಂಡು ಬನ್ನಿ. ಒಂದು ಗ್ಲಾಸು, ಎರಡು ಚಮಚ ತೆಗೆದಿಟ್ಟಿದೆ.