ಯುರೋಪಿನ ಕಾಡಿನಲ್ಲಿ ಗುಂಪಾಗಿ ಜೋಲಿ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಗೆಳೆಯರೆಲ್ಲ ಸೇರಿ ಯುರೋಪಿನ ಕಾಡುಗಳಿಗೆ ಹೋಗಿ, ಮರದಿಂದ ಮರಕ್ಕೆ ಹ್ಯಾಮಕ್ ಎಂಬ ಜೋಲಿ ಕಟ್ಟಿಕೊಂಡು ರಾತ್ರಿ ಕಳೆಯುವ ಬಗ್ಗೆ ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಸೇರುವ ನಮ್ಮ ಹತ್ತು ಜನರ ಬಳಗವೂ ಮುಂದಿನ ವರ್ಷ ಇಂಥದೇ ಪ್ರವಾಸಕ್ಕೆ ಸಿದ್ಧತೆ ನಡೆಸಿರುವುದರಿಂದ ಆ ಪುಟ ನಮ್ಮಲ್ಲಿ ಕೈಯಿಂದ ಕೈಗೆ ಹೋಯಿತು. ಚಿತ್ರಗಳು ಸೊಗಸಾಗಿದ್ದವು. ಆದರೆ ಎರಡು ಮರ ಸಿಕ್ಕಲ್ಲೆಲ್ಲ ಮಲಗಬಹುದು, ವಸತಿಗೆ ಬಿಡಿಗಾಸಿನ ಖರ್ಚಿಲ್ಲ ಎಂಬ ಧಾಟಿಯಲ್ಲಿ ಬರೆದದ್ದು ಓದುಗರ ದಾರಿ ತಪ್ಪಿಸುವಂತಿದೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ನಡುವೆಯೂ ಕಾಡಿನಲ್ಲಿ ರಾತ್ರಿ ತಂಗುವ ಕಾನೂನು ಗಡಿ ದಾಟಿದೊಡನೆ ಬದಲಾಗುತ್ತದೆ. ಆದ್ದರಿಂದ ಗುಂಪಿನಲ್ಲಿ ಹೋಗುವವರು ಹ್ಯಾಮಕ್ ಕೊಳ್ಳುವುದಕ್ಕೂ ವಿಮಾನದ ಟಿಕೆಟ್ ನೋಡುವುದಕ್ಕೂ ಮೊದಲು ದೇಶವನ್ನು ಆರಿಸಬೇಕು, ಮತ್ತು ಆ ಆಯ್ಕೆಯನ್ನು ಅಲ್ಲಿನ ಕಾನೂನನ್ನೂ ಮರಗಳನ್ನೂ ನೋಡಿ ಮಾಡಬೇಕೇ ಹೊರತು ಚಿತ್ರ ನೋಡಿ ಅಲ್ಲ.

ಬರಹದಲ್ಲಿ ಹೇಳಿದ ಸ್ವಾತಂತ್ರ್ಯ ನಿಜವಾಗಿ ಇರುವುದು ಮುಖ್ಯವಾಗಿ ಉತ್ತರದ ದೇಶಗಳಲ್ಲಿ. ನಾರ್ವೆಯಲ್ಲಿ 1957ರ ಹೊರಾಂಗಣ ವಿಹಾರ ಕಾಯ್ದೆಯು, ಸಾಗುವಳಿ ಇಲ್ಲದ ಬಯಲು ಮತ್ತು ಕಾಡಿನಲ್ಲಿ, ಜನವಸತಿ ಇರುವ ಮನೆಯಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಒಂದೇ ಜಾಗದಲ್ಲಿ ಎರಡು ರಾತ್ರಿಯವರೆಗೆ ಯಾರ ಅಪ್ಪಣೆಯೂ ಇಲ್ಲದೆ ತಂಗಲು ಬಿಡುತ್ತದೆ. ಸ್ವೀಡನ್ನಿನಲ್ಲಿ ಈ ಹಕ್ಕು ಬಹುಪಾಲು ರೂಢಿಯಿಂದ ಬಂದದ್ದು. 1994ರಿಂದ ಅದರ ಉಲ್ಲೇಖ ಸಂವಿಧಾನದಲ್ಲೂ ಇದೆ. ಫಿನ್‌ಲೆಂಡ್‌ನಲ್ಲೂ ಇಂಥದೇ ಪದ್ಧತಿಯಿದ್ದು, ಆ ದೇಶದ ನೆಲದ ಮುಕ್ಕಾಲು ಭಾಗ ಕಾಡಾಗಿರುವುದರಿಂದ ಹ್ಯಾಮಕ್ ಕಟ್ಟುವವರಿಗೆ ಮರದ ಕೊರತೆಯಾಗದು. ನಮ್ಮ ಭಾಗದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಚಿಂಚೋಳಿ ವನ್ಯಜೀವಿಧಾಮದಲ್ಲಿ ಒಂದು ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಏಕೆಂದರೆ ನಮ್ಮಲ್ಲಿ ಕಾಡು ಎಂದರೆ ಸರಕಾರದ್ದು. ಸ್ವೀಡನ್ನಿನಲ್ಲಾದರೋ ಕಾಡಿನ ಸುಮಾರು ಅರ್ಧಭಾಗ ಖಾಸಗಿ ವ್ಯಕ್ತಿಗಳ ಒಡೆತನದಲ್ಲಿದೆ. ಅಲ್ಲಿ ನಾವು ಮಲಗುವುದು ಯಾರೋ ಒಬ್ಬ ರೈತನ ಸ್ವಂತ ಆಸ್ತಿಯಲ್ಲಿ, ಅವನನ್ನು ಕೇಳದೆ. ತೊಂದರೆ ಕೊಡಬಾರದು, ಹಾಳು ಮಾಡಬಾರದು ಎಂಬ ಎರಡು ಕಟ್ಟಳೆಗಳು ಇರುವುದು ಅದಕ್ಕಾಗಿಯೇ.

ಮೂಲ ಬರಹದಲ್ಲಿ ಗುಂಪಿನ ವಿಚಾರ ಬರಲೇ ಇಲ್ಲ. ನಮ್ಮ ಬಳಗದಲ್ಲಿ ಹೆಚ್ಚು ಚರ್ಚೆಯಾದದ್ದು ಅದೇ. ಈ ಹಕ್ಕು ಒಬ್ಬಿಬ್ಬರು ದಾರಿಹೋಕರನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಒಬ್ಬನು ಎರಡು ಮರಗಳ ನಡುವೆ ಮಲಗಿ ಬೆಳಿಗ್ಗೆ ಎದ್ದು ಹೋದರೆ ಗುರುತೂ ಉಳಿಯುವುದಿಲ್ಲ. ಹತ್ತು ಜನ ಮಲಗಿದರೆ ಪಾಚಿಯ ಮೇಲೆ ಓಡಾಟದ ದಾರಿ ಬೀಳುತ್ತದೆ, ಅಡುಗೆಗೆ ಒಂದು ಜಾಗ, ಬಹಿರ್ದೆಸೆಗೆ ಇನ್ನೊಂದು ಜಾಗವೆಂದು ಆಗುತ್ತದೆ, ಮಾತು ನಗು ದೂರಕ್ಕೆ ಕೇಳುತ್ತದೆ. ಸ್ವೀಡನ್ನಿನಲ್ಲಿ ದೊಡ್ಡ ಗುಂಪಿನವರು ಜಮೀನಿನ ಒಡೆಯನ ಒಪ್ಪಿಗೆ ಪಡೆದೇ ತಂಗಬೇಕೆಂದು ಅಲ್ಲಿನ ಪರಿಸರ ಇಲಾಖೆ ತಿಳಿಸುತ್ತದೆ. ಆದುದರಿಂದ ನಾವು ಮೂರು ನಾಲ್ಕು ಜನರ ತಂಡಗಳಾಗಿ ಒಡೆದು, ಒಂದೇ ಕಾಲುದಾರಿಯಲ್ಲಿ ಒಂದು ಹಂತದ ಅಂತರ ಇಟ್ಟುಕೊಂಡು ನಡೆಯುವುದೆಂದೂ, ಎಲ್ಲರೂ ಕೂಡುವ ರಾತ್ರಿಗಳಲ್ಲಿ ಹಣ ಕೊಟ್ಟು ಶಿಬಿರದ ಜಾಗ ಹಿಡಿಯುವುದೆಂದೂ ತೀರ್ಮಾನಿಸಿದ್ದೇವೆ. ಎಲ್ಲರೂ ಒಟ್ಟಿಗೇ ಇರದಿದ್ದರೆ ಗುಂಪು ಪ್ರವಾಸ ಹೇಗಾದೀತು ಎಂದು ಮುನಿಸಿಕೊಂಡವರೂ ನಮ್ಮಲ್ಲಿ ಇದ್ದಾರೆ. ಆ ಮುನಿಸು ಇಲ್ಲಿಯೇ ತೀರುವುದು ಒಳ್ಳೆಯದು.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ ಮೆಟ್ರೊ ರೈಲಿನಲ್ಲಿ ಬ್ಯೋರ್ಕ್‌ಹಾಗೆನ್ ನಿಲ್ದಾಣದಲ್ಲಿ ಇಳಿದರೆ ಸೋರ್ಮ್‌ಲಾಂಡ್ಸ್‌ಲೇಡೆನ್ ಎಂಬ, ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕಾಲುದಾರಿ ಅಲ್ಲಿಂದಲೇ ಶುರುವಾಗುತ್ತದೆ. ಅದನ್ನು ಹಂತಹಂತವಾಗಿ ವಿಂಗಡಿಸಿ ಗುರುತು ಹಾಕಿದ್ದಾರೆ. ನಡುನಡುವೆ ಮೂರು ಕಡೆ ಗೋಡೆಯಿರುವ ಮರದ ತಂಗುದಾಣಗಳಿವೆ. ಬಾಡಿಗೆ ಕಾರಿನ ಗೊಡವೆಯಿಲ್ಲದೆ ಗುಂಪಾಗಿ ಹೋಗುವವರಿಗೆ ಇದಕ್ಕಿಂತ ಸಲೀಸಾದ ದಾರಿ ನಮಗೆ ಕಾಣಲಿಲ್ಲ. ಫಿನ್‌ಲೆಂಡ್‌ನ ರಾಜಧಾನಿ ಹೆಲ್ಸಿಂಕಿಯ ಸಮೀಪದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನವೂ ಚೆನ್ನಾಗಿಯೇ ಇದೆ, ಆದರೆ ಅಲ್ಲಿ ಗುರುತಿಸಿದ ಶಿಬಿರ ಜಾಗಗಳಲ್ಲಿ ಮಾತ್ರ ತಂಗಬೇಕು. ಎಲ್ಲೆಂದರಲ್ಲಿ ಮಲಗುವ ಹಕ್ಕಿರುವ ದೇಶದಲ್ಲಿಯೂ ರಾಷ್ಟ್ರೀಯ ಉದ್ಯಾನಗಳಿಗೆ ಬೇರೆಯೇ ನಿಯಮಗಳಿರುತ್ತವೆ ಎಂಬುದನ್ನು ಮರೆಯಬಾರದು.

ಉಳಿದ ದೇಶಗಳ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಬಹುದು. ಜರ್ಮನಿಯಲ್ಲಿ ಕಾಡಿನೊಳಗೆ ನಡೆಯಲು ಯಾರ ತಕರಾರೂ ಇಲ್ಲ, ಮಲಗಲು ಸಾಮಾನ್ಯವಾಗಿ ಅನುಮತಿಯಿಲ್ಲ. ಬ್ಲ್ಯಾಕ್ ಫಾರೆಸ್ಟ್‌ನಂಥ ಕಡೆ ಮುಂಗಡ ಕಾಯ್ದಿರಿಸುವ ಚಿಕ್ಕ ಶಿಬಿರ ಜಾಗಗಳಿವೆಯಾದರೂ ಹತ್ತು ಜನ ಒಟ್ಟಿಗೆ ಹಿಡಿಯುವಷ್ಟು ಅವು ದೊಡ್ಡವಲ್ಲ. ಡೆನ್ಮಾರ್ಕಿನಲ್ಲಿ ಗುರುತಿಸಿದ ಕಾಡುಗಳಲ್ಲಿ ಮಾತ್ರ ಅವಕಾಶ. ಸ್ಕಾಟ್‌ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯ್ದೆ ಉದಾರವಾಗಿದೆ, ಆದರೆ ಅದಕ್ಕೆ ಬ್ರಿಟನ್ನಿನ ಪ್ರತ್ಯೇಕ ವೀಸಾ ಬೇಕು. ಅದೂ ಅಲ್ಲದೆ ಅಲ್ಲಿನ ಗುಡ್ಡಗಾಡಿನಲ್ಲಿ ಮೈಲುಗಟ್ಟಲೆ ನಡೆದರೂ ಮರವೇ ಸಿಗದ ಜಾಗಗಳಿವೆ. ಐಸ್‌ಲೆಂಡ್ ಅಂತೂ ಬಹುಮಟ್ಟಿಗೆ ಮರವಿಲ್ಲದ ನಾಡು. ತಾವು ಪ್ರಕಟಿಸಿದ ದೊಡ್ಡ ಚಿತ್ರದಲ್ಲಿ ಆಲ್ಪ್ಸ್ ಪರ್ವತದ ಹಿಮಶಿಖರ ಕಾಣುವ ಹುಲ್ಲುಗಾವಲಿತ್ತು. ಅಷ್ಟು ಎತ್ತರದಲ್ಲಿ ಹ್ಯಾಮಕ್ಕನ್ನು ಯಾವುದಕ್ಕೆ ಕಟ್ಟಬೇಕೆಂದು ನಮ್ಮ ಬಳಗದ ಕಾಕಾ ಒಬ್ಬರು ಕೇಳಿದ ಪ್ರಶ್ನೆಗೆ ಬರಹದಲ್ಲಿ ಉತ್ತರವಿಲ್ಲ.

ವೀಸಾದ ವಿಷಯ ಇದಕ್ಕಿಂತ ತೊಡಕಿನದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರು ರಾತ್ರಿಗಳನ್ನು ಎಲ್ಲಿ ಕಳೆಯುತ್ತೇವೆ ಎಂಬುದಕ್ಕೆ ಪುರಾವೆ ಒದಗಿಸಬೇಕು. ಕಾಡಿನಲ್ಲಿ ಮರಕ್ಕೆ ಜೋಲಿ ಕಟ್ಟಿ ಮಲಗುವವನಿಗೆ ರಸೀದಿ ಕೊಡುವವರಾರು? ವೀಸಾ ಕೈಗೆ ಬಂದೊಡನೆ ರದ್ದು ಮಾಡುವ ಉದ್ದೇಶದಿಂದಲೇ ಹೋಟೆಲ್ ಕಾಯ್ದಿರಿಸುವ ಜಾಣತನವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಸುಳ್ಳು ಮಾಹಿತಿ ಕೊಟ್ಟಂತೆ, ಮತ್ತು ಗಡಿಯಲ್ಲಿ ಅಧಿಕಾರಿ ಕೇಳಿದರೆ ಹತ್ತು ಜನರ ಬಾಯಿಂದ ಹತ್ತು ಉತ್ತರ ಬರುತ್ತದೆ. ಅದರ ಬದಲು ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ನಗರದ ಪ್ರವಾಸಿ ಹಾಸ್ಟೆಲ್, ನಡುವೆ ಕೆಲವು ರಾತ್ರಿಗಳಿಗೆ ಹಣ ಕಟ್ಟಿದ ಶಿಬಿರ ಜಾಗ, ಮಿಕ್ಕವಕ್ಕೆ ಕಾಲುದಾರಿಯ ಯಾವ ಹಂತದಲ್ಲಿ ಯಾವ ದಿನ ಇರುತ್ತೇವೆಂಬ ದಿನವಾರು ಪಟ್ಟಿ, ಹೀಗೆ ಇದ್ದದ್ದನ್ನು ಇದ್ದಂತೆ ಬರೆದು ಕೊಡುವುದು ನಮಗೆ ಸರಿಯೆನಿಸಿದೆ. ಕೊನೆಯ ತೀರ್ಮಾನ ಆ ದೇಶದ ಅಧಿಕಾರಿಯದೇ. ಗುಂಪಿಗೆಲ್ಲ ಸೇರಿ ಒಂದು ಅರ್ಜಿ ಎಂಬುದು ಇಲ್ಲ; ಪ್ರತಿಯೊಬ್ಬರೂ ಬೇರೆಯಾಗಿ ಅರ್ಜಿ ಹಾಕಿ, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬೆರಳಚ್ಚು ಕೊಟ್ಟು, 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ ಆಗಿರುವ ಶುಲ್ಕ ತುಂಬಬೇಕು; ಅರ್ಜಿ ತಿರಸ್ಕೃತವಾದರೆ ಆ ಹಣ ವಾಪಸು ಬಾರದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ಹತ್ತರಲ್ಲಿ ಒಬ್ಬರಿಗೆ ವೀಸಾ ಸಿಗದೇ ಹೋಗಬಹುದು. ಆದ್ದರಿಂದ ಒಲೆ, ಔಷಧಿ ಪೆಟ್ಟಿಗೆ, ಭೂಪಟಗಳನ್ನು ಒಬ್ಬರ ಹೆಗಲಿಗೇ ಹಾಕದೆ, ಪ್ರತಿ ಚಿಕ್ಕ ತಂಡವೂ ತನ್ನ ಪಾಡಿಗೆ ತಾನು ನಡೆಯುವಂತೆ ಸಾಮಾನು ಹಂಚಿಕೊಳ್ಳಬೇಕು.

ಹ್ಯಾಮಕ್ ಕಟ್ಟುವುದನ್ನು ಅಲ್ಲಿಗೆ ಹೋಗಿ ಕಲಿತರಾಯಿತು ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಜೋಲಿಯನ್ನು ಮರಕ್ಕೆ ಬಿಗಿಯುವ ಎರಡೂ ಕಡೆಯ ಪಟ್ಟಿಗಳು ನೆಲಮಟ್ಟಕ್ಕೆ 30 ಡಿಗ್ರಿ ಓರೆಯಲ್ಲಿದ್ದರೆ, 70 ಕಿಲೋ ತೂಕದವನು ಮಲಗಿದಾಗ ಒಂದೊಂದು ಪಟ್ಟಿಯ ಮೇಲೂ ಸುಮಾರು 70 ಕಿಲೋದಷ್ಟೇ ಎಳೆತ ಬೀಳುತ್ತದೆ. ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು, ಓರೆಯನ್ನು 10 ಡಿಗ್ರಿಗೆ ಇಳಿಸಿದರೆ ಅದೇ ಮನುಷ್ಯನ ಎಳೆತ 200 ಕಿಲೋ ಆಗುತ್ತದೆ. ಪಟ್ಟಿ ಹರಿಯುವುದು, ಎಳೆಯ ಮರ ಬಾಗುವುದು, ತೊಗಟೆಯ ಕೆಳಗಿನ ಜೀವಂತ ಪದರ ನಲುಗುವುದು ಇದರಿಂದಲೇ. ತೆಳ್ಳನೆಯ ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತದೆ ಅಗಲವಾದ ಪಟ್ಟಿ ಬಳಸಬೇಕು. ನಾಲ್ಕೈದು ಮೀಟರ್ ಅಂತರದ, ತೊಡೆಯಷ್ಟು ದಪ್ಪದ ಜೀವಂತ ಮರಗಳನ್ನು ಹುಡುಕಿ, ಮೇಲೆ ಒಣಕೊಂಬೆ ತೂಗುತ್ತಿಲ್ಲವೆಂದು ನೋಡಿಕೊಳ್ಳಬೇಕು. ನಾವು ಆಳಂದ ರಸ್ತೆಯ ಕಡೆಯ ಗೆಳೆಯರೊಬ್ಬರ ಹೊಲದ ಬೇವಿನ ಮರಗಳಲ್ಲಿ ಕಟ್ಟಿ ನೋಡಿದ್ದೇವೆ. ಉದ್ದಕ್ಕೆ ಮಲಗಿದರೆ ಬೆನ್ನು ಬಾಳೆಕಾಯಿಯಂತೆ ಬಾಗಿ ನೋಯುತ್ತದೆ. ಸಡಿಲ ಬಿಟ್ಟು ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಮೈ ಬಹುಮಟ್ಟಿಗೆ ಸಮವಾಗುತ್ತದೆ. ಹೊಲದ ಬದುವಿನಲ್ಲಿ ಒಳ್ಳೆಯ ಹುಣಸೆಮರಗಳೂ ಇದ್ದವು, ಆದರೆ ರಾತ್ರಿ ಹುಣಸೆಮರದ ಬುಡದಲ್ಲಿ ಮಲಗಬಾರದೆಂಬ ಮನೆಯ ಹಿರಿಯರ ಮಾತನ್ನು ಮೀರಲು ಯಾರೂ ಮುಂದೆ ಬರಲಿಲ್ಲ.

ನಮ್ಮೂರ ಹೊಲದಲ್ಲಿ ಕಲಿಯಲಾಗದ ಒಂದು ಸಂಗತಿ ಎಂದರೆ ಚಳಿ. ಬೇಸಿಗೆಯಲ್ಲಿ 42 ಡಿಗ್ರಿ ಉಂಡವರಿಗೆ ಗಾಳಿ ಆಡುವ ಜೋಲಿ ಸ್ವರ್ಗವೆನಿಸುತ್ತದೆ. ಸ್ವೀಡನ್ನಿನ ಆಗಸ್ಟ್ ಕೊನೆಯ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿದಾಗ ಅದೇ ಗಾಳಿ ಬೆನ್ನಿನಡಿಯಿಂದ ಕೊರೆಯುತ್ತದೆ. ಎಷ್ಟೇ ದಪ್ಪದ ಮಲಗುಚೀಲ ತಂದರೂ ಮೈಭಾರಕ್ಕೆ ಅದರ ಅಡಿಭಾಗ ಅಮುಕಿಹೋಗಿ ಬಿಸಿ ಹಿಡಿದಿಡುವುದಿಲ್ಲ. ಆದ್ದರಿಂದ ಜೋಲಿಯ ಹೊರಗೆ, ಅಡಿಯಲ್ಲಿ ತೂಗುಬಿಡುವ ಹೊದಿಕೆಯೋ ಒಳಗೆ ಹಾಸುವ ಫೋಮ್ ಹಾಸಿಗೆಯೋ ಬೇಕೇ ಬೇಕು. ಮೇಲೆ ತಾಡಪತ್ರಿ, ಸುತ್ತ ಸೊಳ್ಳೆಪರದೆಯೂ ಇರಬೇಕು. ಜೂನ್ ಜುಲೈ ತಿಂಗಳಲ್ಲಿ ಸೊಳ್ಳೆಯ ಕಾಟ ವಿಪರೀತ, ಕತ್ತಲೆಯೂ ಸರಿಯಾಗಿ ಆಗುವುದಿಲ್ಲವೆಂದು ನಾವು ಆಗಸ್ಟ್ ಕೊನೆಯನ್ನೇ ಆರಿಸಿದ್ದೇವೆ.

ಹುಲ್ಲಿನಲ್ಲಿ ನಡೆಯುವಾಗ ಅಂಟುವ ಉಣ್ಣಿಯ ಬಗ್ಗೆ ವೈದ್ಯರನ್ನು ಮೊದಲೇ ಕಾಣಬೇಕು. ಸ್ಟಾಕ್‌ಹೋಮ್ ಸುತ್ತಲಿನ ಪ್ರದೇಶದಲ್ಲಿ ಉಣ್ಣಿಯಿಂದ ಹರಡುವ ಮಿದುಳಿನ ಉರಿಯೂತವಿದ್ದು, ಅದರ ವೈರಾಣು ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವಿನ ಬಳಗಕ್ಕೇ ಸೇರಿದೆ. ಲಸಿಕೆಯುಂಟು, ಆದರೆ ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವುದಿಲ್ಲ. ಬುತ್ತಿಯ ಮಟ್ಟಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಮಗೆ ಸಾಕು. ತುಪ್ಪದ ಡಬ್ಬಿ, ಹಾಲಿನ ಪುಡಿ, ಖೋವಾದ ಸಿಹಿಯನ್ನು ಮಾತ್ರ ಪ್ರೀತಿಯಿಂದ ಕಟ್ಟಿಕೊಟ್ಟರೂ ಬಿಟ್ಟು ಹೋಗಬೇಕು, ಏಕೆಂದರೆ ಯುರೋಪ್ ಒಕ್ಕೂಟದೊಳಕ್ಕೆ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲಾಗದು, ಅಲ್ಲಿಯೇ ಕೊಳ್ಳಬೇಕು. ಬೆಂಕಿ ಹಾಕಿ ಸುತ್ತ ಕೂರುವ ಆಸೆಯಿದ್ದವರು ತಿಳಿದಿರಬೇಕಾದದ್ದು: ಫಿನ್‌ಲೆಂಡ್‌ನಲ್ಲಿ ಜಮೀನಿನ ಒಡೆಯನ ಅಪ್ಪಣೆಯಿಲ್ಲದೆ ಬೆಂಕಿ ಹಾಕುವಂತಿಲ್ಲ, ನಾರ್ವೆಯ ಕಾಡುಗಳಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಸಾಮಾನ್ಯ ನಿಷೇಧವಿದೆ, ಸ್ವೀಡನ್ನಿನಲ್ಲಿ 2018ರ ಬೇಸಿಗೆಯ ದೊಡ್ಡ ಕಾಳ್ಗಿಚ್ಚಿನಂಥ ಒಣ ವರ್ಷಗಳಲ್ಲಿ ಸ್ಥಳೀಯ ಆಡಳಿತ ಪೂರ್ತಿ ನಿಷೇಧ ಹೇರುತ್ತದೆ.

ಪ್ರವಾಸ ಪುಟದಲ್ಲಿ ಇಂಥ ಬರಹ ಪ್ರಕಟಿಸುವಾಗ ಯಾವ ದೇಶ, ಅಲ್ಲಿ ರಾತ್ರಿ ತಂಗುವ ನಿಯಮವೇನು, ಎಷ್ಟು ಜನರವರೆಗೆ ಎಂಬ ಮೂರು ಸಾಲುಗಳನ್ನಾದರೂ ಸೇರಿಸಬೇಕೆಂದು ತಮ್ಮಲ್ಲಿ ವಿನಂತಿ. ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸ್ವೀಕರಿಸುತ್ತಾರೆ. ಆಗಸ್ಟ್ ಕೊನೆಗೆ ಹೊರಡುವವರು ಫೆಬ್ರುವರಿ ಕೊನೆಯಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯ ರಜೆಯ ನೂಕುನುಗ್ಗಲಿನಲ್ಲಿ ಬೆರಳಚ್ಚಿನ ದಿನಾಂಕ ಸಿಗುವುದು ಕಷ್ಟವಾದ್ದರಿಂದ ಬೀದರ್, ಯಾದಗಿರಿ, ಕಲಬುರಗಿಯ ಆಸಕ್ತರು ಪಾಸ್‌ಪೋರ್ಟ್‌ಗಳ ಅವಧಿಯನ್ನು ಈಗಲೇ ತೆಗೆದು ನೋಡಿಕೊಳ್ಳಲಿ. ಶೆಂಗೆನ್ ಪ್ರದೇಶ ಬಿಡುವ ದಿನದ ನಂತರವೂ ಅವುಗಳಲ್ಲಿ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕಲಬುರಗಿ