ಗ್ರಂಥಾಲಯಕ್ಕೆ ಪುಟ್ಟ ಒಪೆರಾವೇ ಸರಿ

ಮಾನ್ಯರೇ,

ಗ್ರಂಥಾಲಯದಲ್ಲಿ ಒಪೆರಾವನ್ನು, ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕವನ್ನು, ಕಛೇರಿಯ ರೂಪದಲ್ಲಿ ಹಾಡಿಸಲು ಹೊರಟವರಿಗೆ ಮೊದಲು ನೆನಪಾಗುವುದು ಮೊತ್ಸಾರ್ಟ್‌ನ ‘ಫಿಗರೊ’. ವೇಷ, ರಂಗಸಜ್ಜಿಕೆ ಏನೂ ಇಲ್ಲ, ಹಾಡಿದರಾಯಿತು ಎಂಬ ಧೈರ್ಯ. ಆದರೆ ಅದು ನಾಲ್ಕು ಅಂಕಗಳ, ಹತ್ತಿರಹತ್ತಿರ ಮೂರು ಗಂಟೆಯ ಕೃತಿ. ಎರಡನೇ ಅಂಕದ ಕೊನೆಗೆ ಏಳು ಮಂದಿ ಒಟ್ಟಿಗೆ ಹಾಡಬೇಕು. ಇಕ್ಕಟ್ಟಿನಲ್ಲಿ ಸ್ವರಲಿಪಿ ಇಡುವ ಏಳು ಸ್ಟ್ಯಾಂಡ್ ಸಾಲಾಗಿ ಇಟ್ಟರೆ ತುದಿಯಲ್ಲಿ ನಿಂತವರಿಗೆ ಪಿಯಾನೊ ನುಡಿಸುವವರ ಸನ್ನೆ ಕಾಣದೆ ಲಯ ಜಾರುತ್ತದೆ.

ಇಟಲಿಯ ಸಂಗೀತಕಾರ ಪೆರ್ಗೊಲೆಸಿ 1733ರಲ್ಲಿ ಕೊಟ್ಟ ‘ಲಾ ಸೆರ್ವಾ ಪದ್ರೋನಾ’ ಇಂಥ ಜಾಗಕ್ಕೆ ಹೇಳಿ ಮಾಡಿಸಿದಂತಿದೆ. ಸುಮಾರು ಮುಕ್ಕಾಲು ಗಂಟೆ; ಹಾಡುವವರು ಇಬ್ಬರೇ, ಒಬ್ಬರು ಸೊಪ್ರಾನೊ (ಹೆಣ್ಣಿನ ಏರುದನಿ), ಒಬ್ಬರು ಬಾಸ್ (ಗಂಡಿನ ತಗ್ಗುದನಿ). ಎರಡು ವಯಲಿನ್, ವಯೋಲಾ, ಚೆಲ್ಲೊ, ಹಾರ್ಪ್ಸಿಕಾರ್ಡ್ (ಪಿಯಾನೊದಂತೆ ಮನೆಗಳಿದ್ದು ತಂತಿ ಮೀಟುವ ಹಳೆಯ ವಾದ್ಯ) ಎಂದು ಐವರು ಕೂತರೆ ವಾದ್ಯಮೇಳ ಪೂರ್ತಿ. ಕೆಲಸದಾಕೆ ಸೆರ್ಪೀನಾ ತನ್ನ ಯಜಮಾನನಿಗೇ ‘ಶ್ಶ್, ಮಾತಾಡಬೇಡ’ ಎಂದು ಗದರುವ ಹಾಡೂ ಇದರಲ್ಲಿದೆ. ಓದುವ ಕೋಣೆಗೆ ಇದಕ್ಕಿಂತ ಇನ್ನೇನು ಬೇಕು!

ಮೂರನೆಯ ಪಾತ್ರ ವೆಸ್ಪೋನೆಗೆ ಒಂದು ಸ್ವರವೂ ಇಲ್ಲ. ಹಾಡಿಲ್ಲವೆಂದು ಅವನನ್ನು ಕೈಬಿಟ್ಟರೆ ಎರಡನೇ ಭಾಗ ತಲೆಬುಡ ತಿಳಿಯದು. ಸೈನಿಕನ ವೇಷದಲ್ಲಿ ಬಂದು ಯಜಮಾನನನ್ನು ಹೆದರಿಸುವವನು ಅವನೇ. ಯಾರಾದರೊಬ್ಬರು ಟೋಪಿ ಹಾಕಿಕೊಂಡು ಬಂದು ಸೆರ್ಪೀನಾಳ ಪಕ್ಕ ಬಿರುನೋಟ ಬೀರುತ್ತಾ ನಿಂತರೂ ಸಾಕು.

ಹಾಡುಗಳ ನಡುವೆ ಮಾತಿನ ಧಾಟಿಯಲ್ಲಿ ಸಾಗುವ ರೆಸಿಟೆಟಿವ್ ಉದ್ದವೆನಿಸಿದರೆ ಅದನ್ನು ಕತ್ತರಿಸಿ, ಎರಡು ಮೂರು ವಾಕ್ಯದಲ್ಲಿ ಕನ್ನಡದಲ್ಲೇ ಕಥೆ ಹೇಳಬಹುದು. ಅದರ ಕೊನೆಯ ನಾಲ್ಕೈದು ಬಾರ್ (ತಾಳದ ಆವರ್ತ) ಮಾತ್ರ ಬಿಡಬೇಡಿ. ಕಿವಿಯನ್ನು ಮುಂದಿನ ಹಾಡಿನ ಶ್ರುತಿಗೆ ತಂದು ನಿಲ್ಲಿಸುವುದು ಅವೇ.

ಪರದೆಯ ಮೇಲೆ ಅರ್ಥ ತೋರಿಸುವುದಾದರೆ ಒಮ್ಮೆಗೆ ಎರಡು ಸಾಲು, ಸಾಲಿಗೆ ಐದಾರು ಪದ. ಗುಂಡಿ ಒತ್ತುವವರಿಗೆ ಸ್ವರಲಿಪಿ ಓದಲು ಬರಲೇಬೇಕು. ನಗೆಯ ಮಾತನ್ನು ಬೇರೆ ಸ್ಲೈಡಿಗೆ ಹಾಕದಿದ್ದರೆ ಗಾಯಕ ಬಾಯಿ ತೆರೆಯುವ ಮೊದಲೇ ಸಭೆ ನಕ್ಕುಬಿಡುತ್ತದೆ. ಅದೇ ಪದ ಮರಳಿ ಬಂದಾಗ ಪರದೆ ಖಾಲಿ ಇರಲಿ, ಜನ ಗಾಯಕರ ಮುಖ ನೋಡಲಿ.

ಪುಸ್ತಕದ ಕಪಾಟುಗಳು ದನಿಯನ್ನು ಹೀರುತ್ತವೆ. ತಮ್ಮ ದನಿ ತಮಗೇ ಮರಳಿ ಕೇಳದಾಗ ಗಾಯಕರು ಒತ್ತಿ ಹಾಡಿ ಬೇಗ ದಣಿಯುತ್ತಾರೆ. ಅದಕ್ಕೆ ಮೈಕ್ ಮದ್ದಲ್ಲ: ಮನುಷ್ಯ ಇಲ್ಲಿ, ದನಿ ಮೂಲೆಯ ಸ್ಪೀಕರಿನಲ್ಲಿ ಎಂದಾಗುತ್ತದೆ. ಗಾಯಕರ ಬೆನ್ನಿಗೆ ಕಪಾಟಿನ ಬದಲು ಬರೀ ಗೋಡೆ ಬರುವಂತೆ ನಿಲ್ಲಿಸಿ, ಕಾಲಡಿಯ ಕಾರ್ಪೆಟ್ ಸುತ್ತಿಡಿ.

ಹಾರ್ಪ್ಸಿಕಾರ್ಡ್ ಸೂಕ್ಷ್ಮ ವಾದ್ಯ. ಜನ ತುಂಬಿ ಕೋಣೆ ಬಿಸಿಯಾದರೆ ಶ್ರುತಿ ಕದಲುತ್ತದೆ; ಬೆಳಿಗ್ಗೆ ಒಮ್ಮೆ ಕೂಡಿಸಿದ್ದನ್ನು ಶುರುವಿಗೆ ಮುಂಚೆ ಮತ್ತೊಮ್ಮೆ ನೋಡಬೇಕು. ಎಸಿ, ಟ್ಯೂಬ್‌ಲೈಟುಗಳ ಗುಂಯ್ ಸದ್ದೂ ನಿಲ್ಲಬೇಕು. ಹಾಗೆ ದೀಪ ಆರಿಸಿದ ಮೇಲೆ ಸ್ಟ್ಯಾಂಡಿನ ಪುಟ್ಟ ದೀಪದಲ್ಲಿ ಸ್ವರಲಿಪಿ ಕಾಣುತ್ತದೆಯೇ ಎಂದು ಹಿಂದಿನ ಸಂಜೆಯೇ ಪರೀಕ್ಷಿಸಿಕೊಳ್ಳಿ.

– ಒಬ್ಬ ಓದುಗ